ನಡೆಯದ ಚರಿತ್ರೆಯ ನೋಟುಬುಕ್ಕು

ನಮ್ಮ ಯಜಮಾನರು ಬೈರಕೂರಿನ ಕಡೆಯ ಒಂದು ಶಾಲೆಯಲ್ಲಿ ಮೇಷ್ಟರಾಗಿದ್ದರು. ಸರ್ಕಾರಿ ನೌಕರರು ರಾಜಕೀಯದ ಮಾತೆತ್ತುವಂತಿರಲಿಲ್ಲ. ಅವರು ಎತ್ತುತ್ತಲೂ ಇರಲಿಲ್ಲ, ಬರೆಯುತ್ತಿದ್ದರು. ಅದಕ್ಕೆ ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಜಮೀನುದಾರರ ಪಕ್ಷವೂ ಖಾದಿಯವರ ಪಕ್ಷವೂ ಕೂಡಿ ಒಂದಾಗಿದ್ದವು. ಹಾಗೆ ಕೂಡದೆ ಹೋಗಿದ್ದರೆ ಏನಾಗುತ್ತಿತ್ತು ಎಂಬುದೇ ಅವರಿಗೆ ಹಿಡಿದ ಹುಚ್ಚು. ನಡೆಯದೆ ಹೋದದ್ದನ್ನು ನಡೆದಂತೆಯೇ ಒಂದು ನೋಟುಬುಕ್ಕಿನಲ್ಲಿ ಬರೆದಿದ್ದರು. ಒಂದು ಕಡೆ ಜಮೀನುದಾರರು ಅರಮನೆಯ ಜೊತೆ ಸೇರಿ ಮಂತ್ರಿಗಳಾಗುತ್ತಾರೆ; ಖಾದಿಯವರದು ಬೆಂಗಳೂರು ವಕೀಲರ ಪಕ್ಷವಾಗಿ ಉಳಿಯುತ್ತದೆ. ಇನ್ನೊಂದು ಕಡೆ ಚಿನ್ನದ ಗಣಿಯ ಕೂಲಿಗಳೂ ಹಳ್ಳಿಯ ಜೀತದಾಳುಗಳೂ ಸೇರಿ ಮೂರನೆಯ ಪಕ್ಷ ಕಟ್ಟಿ ದಿವಾನರನ್ನೇ ಇಳಿಸುತ್ತಾರೆ. ನನಗೆ ಓದಿ ಹೇಳುವಾಗ ಅವರ ದನಿ ಏರುತ್ತಿತ್ತು. ನಾನೆದ್ದು ಕಿಟಕಿ ಮುಚ್ಚುತ್ತಿದ್ದೆ.

ಯುದ್ಧದ ನಡುವೆ, ಚಳವಳಿಗಾರರನ್ನು ಹಿಡಿಹಿಡಿದು ಜೈಲಿಗೆ ಕಳಿಸುತ್ತಿದ್ದ ವರ್ಷ, ಶಾಲಾ ಇನ್‌ಸ್ಪೆಕ್ಟರು ಮಕ್ಕಳ ಪ್ರಬಂಧದ ಪುಸ್ತಕಗಳನ್ನು ಕೋಲಾರಕ್ಕೆ ತರಿಸಿಕೊಂಡರು. ಕಟ್ಟು ಹೋದ ಮಾರನೆಯ ದಿನ ನೋಟುಬುಕ್ಕು ಮನೆಯಲ್ಲಿ ಕಾಣಲಿಲ್ಲ. ಯಜಮಾನರು ಚಳಿಜ್ವರದಲ್ಲಿ ನಡುಗುತ್ತಾ ಮಲಗಿದ್ದರು. “ಆ ಕಟ್ಟಲ್ಲೇ ಸೇರ್ಕೊಂಡು ಹೋಗಿದೆ ಕಣೇ,” ಎಂದು ಗೋಡೆಯ ಕಡೆ ತಿರುಗಿಬಿಟ್ಟರು.

ನಾನೇ ಹೊರಟೆ. ಮುಳಬಾಗಿಲಿನವರೆಗೆ ಗಾಡಿ, ಅಲ್ಲಿಂದ ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು. ಏನು ಹೇಳಿ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಇನ್‌ಸ್ಪೆಕ್ಟರ ಮನೆಯ ಜಗಲಿಯಲ್ಲಿ ಕುಳಿತಾಗ ಅದರಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಅವರು ಒಳಗಿನಿಂದ ನೋಟುಬುಕ್ಕು ಹಿಡಿದೇ ಬಂದರು. ಪೂರ್ತಿ ಓದಿದ್ದರು. ಅವರು ಮುಖ ಗಂಟಿಕ್ಕಿಕೊಂಡು ಒಂದು ಹಾಳೆ ತೆರೆದು, “ನಮ್ಮಣ್ಣನ್ನ ಮಂತ್ರಿ ಮಾಡಿದಾರಲ್ಲಮ್ಮ ನಿಮ್ಮವರು?” ಎಂದರು.

ನೋಟುಬುಕ್ಕಿನಲ್ಲಿ ಮಂತ್ರಿಯಾಗಿದ್ದ ಯಲ್ದೂರಿನ ಕಡೆಯ ದೊಡ್ಡ ಮಾವಿನ ತೋಪಿನ ಒಡೆಯರು, ಜಮೀನುದಾರರ ಪಕ್ಷದಲ್ಲಿ ಹೆಸರಾಗಿದ್ದವರು, ಇವರ ಅಣ್ಣನೆಂದು ನಮಗೆ ಗೊತ್ತೇ ಇರಲಿಲ್ಲ. ಜ್ವರದಲ್ಲಿ ಏನೋ ಗೀಚಿದ್ದಾರೆ, ಕ್ಷಮಿಸಿ ಎಂದು ತೊದಲಿದೆ. ಅವರಿಗೆ ಸಿಟ್ಟೇ ಬಂದಿರಲಿಲ್ಲ. ಪಕ್ಷ ಕೂಡಿದ ಮೇಲೆ ಅಣ್ಣನನ್ನು ಯಾರೂ ಕೇಳುವವರಿಲ್ಲ, ಇದನ್ನು ಓದಿದರೆ ಎಷ್ಟು ಖುಷಿಪಡುತ್ತಾನೋ ಎಂದು, ನಾನು ನೋಡುತ್ತಿದ್ದಂತೆಯೇ ಆ ಒಂದು ಹಾಳೆಯನ್ನು ಹರಿದು ಜೇಬಿಗೆ ಇಟ್ಟುಕೊಂಡರು. “ಉಳಿದದ್ದು ಒಲೆಗೆ ಹಾಕ್ಬಿಡಿ ತಾಯಿ. ಬೇರೆಯವರ ಕೈಗೆ ಸಿಕ್ಕಿದ್ರೆ ನಾನೂ ಉಳಿಯಲ್ಲ.” ಹಾಳೆ ವಾಪಸು ಕೇಳದೆಯೇ ಎದ್ದೆ.

ಅವರ ಹೆಂಡತಿ ಕುಂಕುಮವಿಟ್ಟು ಮಡಿಲಿಗೆ ತೆಂಗಿನಕಾಯಿ, ಎಲೆ ಅಡಿಕೆ ಹಾಕಿದರು. ನೋಟುಬುಕ್ಕನ್ನು ಅದರ ಕೆಳಗೆ ಸೆರಗಲ್ಲಿ ಸುತ್ತಿಕೊಂಡೆ. ಊರು ದಾಟುತ್ತಲೇ ಪೊಲೀಸರು ಬಸ್ಸು ಹತ್ತಿ ಗಂಟುಮೂಟೆ ಬಿಚ್ಚಿಸತೊಡಗಿದರು. ಒಬ್ಬ ನನ್ನೆದುರು ನಿಂತ. ಮಡಿಲು ನೋಡಿದ, ನನ್ನ ಹಣೆ ನೋಡಿದ. ಬಸುರಿ ಎಂದುಕೊಂಡನೋ ಏನೋ, ಮುಂದೆ ಹೋದ. ಮುಳಬಾಗಿಲು ಬರುವವರೆಗೂ ನಾನು ಮಡಿಲಿನಿಂದ ಕೈ ತೆಗೆಯಲಿಲ್ಲ.

ಬಚ್ಚಲೊಲೆಯಲ್ಲಿ ಒಂದೊಂದೇ ಹಾಳೆ ಸುಟ್ಟೆ. ಇನ್‌ಸ್ಪೆಕ್ಟರು ಓದಿದರೇ ಎಂದು ಯಜಮಾನರು ಕೇಳಿದರು. ಕಟ್ಟನ್ನೇ ಬಿಚ್ಚಿರಲಿಲ್ಲ ಎಂದೆ. ಅವರಿಗೆ ಆ ವಾರವೇ ಜ್ವರ ಬಿಟ್ಟಿತು. ನನಗೆ ಹಿಡಿಯಿತು. ನಮ್ಮವರ ಕೈಬರಹದ ಹಾಳೆಯೊಂದು ಯಲ್ದೂರಿನ ಯಾವುದೋ ಪೆಟ್ಟಿಗೆಯಲ್ಲಿದೆ. ಅಣ್ಣತಮ್ಮಂದಿರು ಜಗಳವಾಡಿದರೆ, ಪಕ್ಷ ಮತ್ತೆ ಒಡೆದರೆ, ಅದು ಯಾರ ಕೈ ಸೇರುತ್ತದೆ? ಅಂಚೆಯವನು ಬಾಗಿಲು ತಟ್ಟಿದರೂ ಕೈಯಲ್ಲಿದ್ದ ಪಾತ್ರೆ ಜಾರುತ್ತಿತ್ತು. ಹೊಸ ಪೇದೆ ಊರಿಗೆ ಬಂದರೆ ಎರಡು ದಿನ ಅನ್ನ ಇಳಿಯುತ್ತಿರಲಿಲ್ಲ.

ಯಾರೂ ಬರಲಿಲ್ಲ. ದಿವಾನರ ಕಾಲ ಮುಗಿದು ಜನರ ಮಂತ್ರಿಮಂಡಲ ಬಂದ ಮೇಲೆ, ಒಂದು ಬೆಳಿಗ್ಗೆ ಕಾಫಿ ಕೊಡುತ್ತಾ ನಿಜ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಲೋಟ ಕೆಳಗಿಟ್ಟರು.

“ಇಷ್ಟು ವರ್ಷ ಒಬ್ಳೇ ಹೆದರ್ಕೊಂಡಿದ್ಯಾ?” ಎಂದರು.