ಅತ್ತೆಯ ಮಾತಿಗೆ ಹಾರಿದ ಕಾರು

ಗುಂಡಿ ಒತ್ತಿ ಗಾಡಿ ನಂಬಿದ ಮಹಾಜನಗಳೇ, ಕಿವಿಗೊಟ್ಟು ಕೇಳಿ!

ಇಂದು ಪೊಳ್ಳಾಚಿ ರಸ್ತೆಯಲ್ಲಿ ಕಾರಿನ ಕ್ರೂಸ್ ಕಂಟ್ರೋಲನ್ನು, ಅಂದರೆ ಇಟ್ಟ ವೇಗದಲ್ಲಿ ಕಾರನ್ನು ತಾನಾಗಿಯೇ ಓಡಿಸುವ ಗುಂಡಿಯನ್ನು, ಎಂಬತ್ತಕ್ಕೆ ಇಟ್ಟಿದ್ದೆ. ಮುಂದೆ ತೆಂಗಿನಕಾಯಿ ಲಾರಿ ಸಿಕ್ಕಿದ್ದರಿಂದ ಕಾರು ತಾನಾಗಿಯೇ ಮೂವತ್ತಕ್ಕೆ ಇಳಿದು ಅದರ ಹಿಂದೆ ತೆವಳುತ್ತಿತ್ತು. ಅಳಿಯನನ್ನು ಮಾಪ್ಳೆ ಎಂದೇ ಕರೆಯುವ ನಮ್ಮತ್ತೆ ಪಕ್ಕದಲ್ಲಿ ಕೂತು, “ಸ್ವಲ್ಪ ಗುಂಡಾಗ್ಬಿಟ್ರಿ ಮಾಪ್ಳೆ,” ಎಂದರು. ಅದೇ ಕ್ಷಣ ಲಾರಿ ತೋಟದತ್ತ ತಿರುಗಿತು. ರಸ್ತೆ ಖಾಲಿ ಕಂಡ ಕಾರು ಎಂಬತ್ತರತ್ತ ಹಾರಿತು!

ಅಷ್ಟರಲ್ಲಿ ಅಡ್ಡಲಾಗಿ ಎಮ್ಮೆ! ಬ್ರೇಕನ್ನು ಒದ್ದೆ, ಅಂಗಿಯೆಲ್ಲ ಒದ್ದೆ. ಎಮ್ಮೆಯ ಮೂತಿಗೂ ನಮಗೂ ಒಂದು ಗೇಣು.

ಅತ್ತೆ ಕೈಮುಗಿದರು. “ಮನ್ನಿಚ್ಚುಕ್ಕೋಂಗ ಮಾಪ್ಳೆ! ಗುಂಡು ಅಂದಿದ್ಕೆ ಇಷ್ಟು ಕೋಪವಾ? ಇನ್ಮೇಲೆ ಬಾಯೇ ತೆಗಿಯಲ್ಲ!”

ನಾನು ಗಂಭೀರವಾಗಿ ತಲೆಯಾಡಿಸಿ ಕ್ಷಮಿಸಿದೆ.

ನಿಜ ಹೇಳಿಬಿಡುತ್ತೇನೆ: ಇಟ್ಟ ವೇಗವನ್ನು ಇಳಿಸುವುದು ಹೇಗೆಂದು ನನಗೆ ಗೊತ್ತೇ ಇಲ್ಲ.