ಖಣ್ಣೆನ್ನುವ ಇದ್ದಿಲು

ಮುಚ್ಚಳ ಈಗಲೇ ತೆಗೆಯಲೋ, ಇನ್ನೊಂದು ದಿನ ಬಿಡಲೋ? ಒಳಗೆ ಒಂದೇ ಒಂದು ಕಿಡಿ ಉಳಿದಿದ್ದರೂ ಗಾಳಿ ತಾಗಿದ ಕೂಡಲೇ ಇಡೀ ಡ್ರಮ್ಮು ಬೂದಿ. ಬಿಟ್ಟರೆ ಕಾಲೇಜಿಗೆ ಕೊಟ್ಟ ಮಾತು ತಪ್ಪುತ್ತದೆ. ಹೋದ ಸಲ ಅವಸರಕ್ಕೆ ಬಿದ್ದೇ ಕೆಟ್ಟದ್ದು.

ಪಂಚನಹಳ್ಳಿಯ ಅಂಚಿನಲ್ಲಿ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ಲಕ್ಕಣ್ಣ ಡ್ರಮ್ಮಿಗೆ ಅಂಗೈ ಒತ್ತಿ ನಿಂತಿದ್ದಾರೆ. ಡ್ರಮ್ಮು ತಣ್ಣಗಿದೆ. ಆದರೂ ಕೈ ತೆಗೆಯುವುದಿಲ್ಲ.

ಅರವತ್ತೊಂದರ ಲಕ್ಕಣ್ಣ ಮೂವತ್ತೈದು ವರ್ಷದಿಂದ ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುತ್ತಿದ್ದಾರೆ. ಹೊಗೆಗೆ ಎಡಗಣ್ಣು ಮಂಜಾಗಿದೆ. ಹೆಂಡತಿ ಈರಕ್ಕನ ಜೊತೆ ಕೂತು ದಿನಕ್ಕೆ ನೂರು ಕಿಲೋ ಚಿಪ್ಪಿನ ನಾರು ಹೆರೆಯುತ್ತಾರೆ. ಸುಟ್ಟ ಮೇಲೆ ಉಳಿಯುವುದು ಮೂವತ್ತು ಕಿಲೋ. ಕಡೂರಿನ ಅಕ್ಕಸಾಲಿಗರಿಗೆ, ಕುಲುಮೆಗಳಿಗೆ ಅದು ಹೋಗುತ್ತದೆ. ಅನುಮಾನ ಬಂದ ತುಂಡನ್ನು ಲಕ್ಕಣ್ಣ ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳುತ್ತಾರೆ. "ದೊಪ್ ಅಂದ್ರೆ ಅರೆಬೆಂದದ್ದು. ಖಣ್ ಅನ್ಬೇಕು."

ತರೀಕೆರೆಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸುವ ಸುಮನಾ, ಗಾಜಿಗೆ ಬಣ್ಣ ಕುಡಿಸಿ ಬಿಸಿಲಿನಿಂದ ಕರೆಂಟು ತೆಗೆಯುವ ಸೋಲಾರ್ ಸೆಲ್ ಮಾಡುತ್ತಾರೆ. ಅದರ ಹಿಂಬದಿಯ ಗಾಜಿಗೆ ಪ್ಲಾಟಿನಂ ಲೇಪಿಸಬೇಕು, ಅದೋ ದುಬಾರಿ. ಅದರ ಜಾಗಕ್ಕೆ ಇದ್ದಿಲು ಸಾಕಾದೀತೇ ಎಂಬುದು ಅವರ ಹುಡುಕಾಟ. ಲಕ್ಕಣ್ಣ ಕೊಟ್ಟ ಮೊದಲ ಚೀಲ ಸೋತಿತು. ಪುಡಿ ಗಾಜಿನಿಂದ ಉದುರಿತು, ಕರೆಂಟು ಹೆಸರಿಗಷ್ಟೇ ಬಂತು. ಇನ್ನೊಮ್ಮೆ ಸೋತರೆ ಕಂಪನಿಯ ಕಾರ್ಬನ್ ತರಿಸುವುದೆಂದು ತೀರ್ಮಾನವಾಗಿದೆ.

"ತಪ್ಪು ನಂದೇ ಕಣ್ರೀ," ಎನ್ನುತ್ತಾರೆ ಲಕ್ಕಣ್ಣ. "ಬೇಗ ಕೊಡನಾ ಅಂತ ಬೋರ್ ನೀರು ಹುಯ್ದು ಆರಿಸ್ಬಿಟ್ಟೆ. ನಮ್ಮೂರ ನೀರು ಕಾಯ್ಸಿದ್ರೆ ಪಾತ್ರೆ ಬೆಳ್ಳಗಾಗ್ತದೆ. ಆ ಉಪ್ಪೆಲ್ಲ ಇದ್ದಿಲೊಳಗೇ ಕೂತ್ಕಂಡ್ತು. ಕುಲುಮೆಗೆ ನಡೀತದೆ, ಗಾಜು ಕೇಳ್ಬೇಕಲ್ಲ?"

ಈ ಸಲ ಹನಿ ನೀರಿಲ್ಲ. ಮುಚ್ಚಳದ ಸಂದಿಗೆ ಹುತ್ತದ ಮಣ್ಣು ಮೆತ್ತಿ ಮೂರು ದಿನ ಬಿಟ್ಟಿದ್ದಾರೆ. ಕೊನೆಗೂ ಮಣ್ಣು ಒಡೆಯುತ್ತಾರೆ. ಕಿಡಿಯಿಲ್ಲ. ಕಲ್ಲಿನ ಮೇಲೆ ಬಿದ್ದ ತುಂಡು ಖಣ್ ಎನ್ನುತ್ತದೆ.

ಕಾಲೇಜಿನ ಲ್ಯಾಬಿನಲ್ಲಿ ಅಟೆಂಡರ್ ದುಶ್ಯಂತ್ ಕಾದಿದ್ದಾನೆ. "ಏನ್ ಲಕ್ಕಣ್ಣೋರೇ, ಇವತ್ತಾದ್ರೂ ಕರೆಂಟ್ ಬತ್ತದೋ, ಇಲ್ಲಾ ಇಸ್ತ್ರಿಪೆಟ್ಟಿಗೆಗೆ ಹಾಕೋದೋ?"

"ನಿನ್ನ ಅಂಗಿ ನೋಡಿದ್ರೆ ಅದಕ್ಕೂ ಒಂದ್ ಹಿಡಿ ಬಿಟ್ಟೋಗ್ಬೇಕು ಕಣಪ್ಪ."

ಅರೆದು, ಸೋಸಿ, ಗಾಜಿಗೆ ಸವರಿ ಕಾಯಿಸುವಷ್ಟರಲ್ಲಿ ಮಧ್ಯಾಹ್ನ. ಸುಮನಾ ಲೇಪದ ಮೇಲೆ ಟೇಪು ಅಂಟಿಸಿ ಎಳೆಯುತ್ತಾರೆ. ಒಂದು ಚೂರೂ ಏಳುವುದಿಲ್ಲ. ಸೆಲ್ ಜೋಡಿಸಿ ಬಿಸಿಲಿಗಿಡುತ್ತಾರೆ. ಬಿದ್ದ ಬಿಸಿಲಿನ ನೂರು ಪಾಲಿನಲ್ಲಿ ಪ್ಲಾಟಿನಂ ಸೆಲ್ ಕರೆಂಟಾಗಿಸಿದ್ದು 4.1. ಇದ್ದಿಲಿನದ್ದು 4.2. ನಂಬಲಾಗದೆ ಐದು ಸಲ ಅಳೆಯುತ್ತಾರೆ, ಐದು ಸಲವೂ ಅದೇ.

"ಗೆದ್ರಿ ಲಕ್ಕಣ್ಣೋರೇ! ಪ್ಲಾಟಿನಮ್ಮೇ ಹಿಂದೆ ಬಿತ್ತು! ಇನ್ಮೇಲೆ ಎಲ್ಲಾ ಸೆಲ್ಲಿಗೂ ನಿಮ್ದೇ ಇದ್ದಿಲು," ಎಂದು ಸುಮನಾ ಕೂಗುತ್ತಾರೆ. ಇದ್ದಿಲು ಪುಡಿಯ ಸೀಸೆಯ ಮೇಲೆ 'ಪಂಚನಹಳ್ಳಿ' ಎಂದು ಬರೆದು ಪ್ಲಾಟಿನಂ ಸೀಸೆಯ ಪಕ್ಕದಲ್ಲೇ ಇಡುತ್ತಾರೆ. ಲಕ್ಕಣ್ಣ ಆ ಅಕ್ಷರಗಳನ್ನು ಎರಡು ಸಲ ಓದುತ್ತಾರೆ.

ಸಂಜೆ ಈರಕ್ಕ ಕೇಳುತ್ತಾರೆ, "ಏನಾಯ್ತು?"

"ಗಾಜಿಗೆ ಹಿಡೀತು ಕಣೇ."

"ಅಷ್ಟಕ್ಕೇ ಇಷ್ಟ್ ನಗ್ತಾ ಬಂದ್ಯಾ?"

ಪ್ಲಾಟಿನಮ್ಮನ್ನು ತನ್ನ ಇದ್ದಿಲು ಸೋಲಿಸಿತೆಂದು ಲಕ್ಕಣ್ಣ ಈರಕ್ಕನಿಗೆ ಹೇಳುವುದೇ ಇಲ್ಲ.