ಲಿಗೋರಿ ಪೊರ್ಬುಗಳ ರೋಟರ್

ಓಡದ ಕಾರು ಕಂಡರೆ ನನಗೆ ಖುಷಿ. ಓಡುವ ಕಾರಿನ ಮುಂದೆ ಚೌಕಾಸಿ ಮಾಡಲು ಏನಿರುತ್ತದೆ? ಯಜಮಾನ ಕೀಲಿ ತಿರುಗಿಸುತ್ತಾನೆ, ಅದು ಗುರ್ ಎನ್ನುತ್ತದೆ, ಅಲ್ಲಿಗೆ ನಮ್ಮ ಬಾಯಿ ಬಂದ್. ಓಡದ ಕಾರಾದರೆ ಹಾಗಲ್ಲ. ಬಾನೆಟ್ ಎತ್ತಿ, ಒಳಗೆ ಇಣುಕಿ, ಏನೂ ಹೇಳದೆ ಉದ್ದಕ್ಕೆ ಒಂದು ಉಸಿರು ಬಿಟ್ಟರೆ ಸಾಕು, ಯಜಮಾನನ ಮುಖ ಇಳಿಯುತ್ತದೆ, ಹಿಂದೆಯೇ ಬೆಲೆಯೂ ಇಳಿಯುತ್ತದೆ. ಖಾಸಗಿ ಬಸ್ಸಿನ ಕ್ಲೀನರ್ ಆಗಿದ್ದವನು ಕಾಪುವಿನ ಹೆದ್ದಾರಿ ಪಕ್ಕ ಸ್ವಂತ ಶೆಡ್ಡು ಹಾಕಿ, ಐವತ್ತು ಅರವತ್ತು ವರ್ಷ ಹಳೆಯ ಕಾರುಗಳನ್ನು ಕೊಂಡು, ಸರಿ ಮಾಡಿ ಮಾರುವಷ್ಟಕ್ಕೆ ಬಂದದ್ದು ಹೆಚ್ಚುಕಡಿಮೆ ಆ ಉಸಿರಿನ ಬಲದಿಂದಲೇ.

ಆದ್ದರಿಂದ ಸಲಹೆ ಕೊಡುವ ಹಕ್ಕು ನನಗೆ ಉಂಟು ಎಂದುಕೊಂಡಿದ್ದೇನೆ. ನೀವು ಕೇಳದಿದ್ದರೂ ಕೊಡುತ್ತೇನೆ. ಹಳೆಯ ಕಾರು ಸ್ಟಾರ್ಟ್ ಆಗಲಿಲ್ಲವೋ, ಮೊದಲು ಪೆಟ್ರೋಲ್ ಬರುತ್ತಿದೆಯೇ ನೋಡಿ, ಆಮೇಲೆ ಕಿಡಿ ಬರುತ್ತಿದೆಯೇ ನೋಡಿ. ಇಷ್ಟೇ. ಆದರೆ ಜನ ಇಷ್ಟನ್ನು ಮಾಡುವುದಿಲ್ಲ, ನೇರವಾಗಿ ಹೋಗಿ ಬ್ಯಾಟರಿ ಕೊಳ್ಳುತ್ತಾರೆ. ಹೆಬ್ರಿಯ ಒಬ್ಬ ಅಡಿಕೆ ವ್ಯಾಪಾರಿ ಒಂದೇ ವರ್ಷದಲ್ಲಿ ಮೂರು ಬ್ಯಾಟರಿ ಬದಲಿಸಿ, ಕೊನೆಗೆ ಕಾರಿನ ಮೇಲೆ ಜಿಗುಪ್ಸೆ ಬಂದು ಅದನ್ನು ನನಗೆ ಕೊಟ್ಟುಬಿಟ್ಟ. ಅದರ ರೋಗ, ಬ್ಯಾಟರಿಯಿಂದ ಕಾರಿನ ಮೈಗೆ ಹೋಗುವ ಅರ್ತ್ ಪಟ್ಟಿ ಬೋಲ್ಟಿನ ಬುಡದಲ್ಲಿ ತುಕ್ಕು ಹಿಡಿದದ್ದು. ಒಂದು ತುಂಡು ಸ್ಯಾಂಡ್‌ಪೇಪರಿನಿಂದ ಗುಣವಾಯಿತು. ಕಾರಿನಲ್ಲಿ ಕರೆಂಟು ಹೋಗುವುದಕ್ಕೆ ಮಾತ್ರ ವಯರು, ಹಿಂದೆ ಬರುವುದು ಮೈಯ ತಗಡಿನ ಮೂಲಕ. ಇಡೀ ಕಾರೇ ಒಂದು ದೊಡ್ಡ ವಯರು. ನಮ್ಮ ಸಮುದ್ರದ ಉಪ್ಪುಗಾಳಿಗೆ ಇದು ಚೆನ್ನಾಗಿ ಗೊತ್ತು, ಮಾಲೀಕರಿಗೆ ಗೊತ್ತಿಲ್ಲ.

ಇನ್ನೊಂದು ವಿಷಯ ಹೇಳಿದರೆ ಮುಂದಿನದ್ದು ಅರ್ಥವಾಗುತ್ತದೆ. ಇಂಜಿನಿಗೆ ಸಿಲಿಂಡರ್ ನಾಲ್ಕು, ಕಿಡಿ ಹುಟ್ಟುವ ಜಾಗ ಒಂದು. ಅದನ್ನು ನಾಲ್ಕಕ್ಕೂ ಸರದಿಯಂತೆ ಹಂಚಲು ಡಿಸ್ಟ್ರಿಬ್ಯೂಟರ್ ಎಂಬ ಕರಿ ಟೊಪ್ಪಿ, ಟೊಪ್ಪಿಯ ಒಳಗೆ ಸುತ್ತುವ ಹೆಬ್ಬೆರಳಷ್ಟು ಒಂದು ತುಂಡು. ಅದಕ್ಕೆ ರೋಟರ್ ಎಂದು ಹೆಸರು. ಪಂಕ್ತಿಯಲ್ಲಿ ಬಡಿಸುತ್ತಾ ಹೋಗುವವನ ಹಾಗೆ ಅದರ ಕೆಲಸ. ಬಡಿಸುವವನು ಎದ್ದು ಹೋದರೆ ಅಡುಗೆ ಎಷ್ಟಿದ್ದರೇನು, ಯಾರ ಎಲೆಗೂ ಏನೂ ಬೀಳುವುದಿಲ್ಲ. ಟೊಪ್ಪಿಗೆ ಎರಡು ಕ್ಲಿಪ್ಪು. ಬಿಚ್ಚಿ, ರೋಟರ್ ಎಳೆದು ಕಿಸೆಗೆ ಹಾಕಿ, ಮತ್ತೆ ಟೊಪ್ಪಿ ಮುಚ್ಚಲು ಅಭ್ಯಾಸ ಇದ್ದವನಿಗೆ ಅರ್ಧ ನಿಮಿಷ ಬೇಡ.

ನನಗೆ ಅಭ್ಯಾಸ ಇತ್ತು.

ಕಾರ್ಕಳದ ಲಿಗೋರಿ ಪೊರ್ಬುಗಳ ಕಾರು ನೋಡಲು ಹೋದದ್ದು ಎರಡು ವರ್ಷದ ಹಿಂದೆ. ಪೊರ್ಬು ಎಂದರೆ ನಾವು ತುಳುವರು ಕ್ರಿಶ್ಚಿಯನ್ ಹಿರಿಯರನ್ನು ಮರ್ಯಾದೆಯಿಂದ ಕರೆಯುವ ರೀತಿ. ಅವರದ್ದು ಪಂಪ್‌ಸೆಟ್ಟಿನ ಮೋಟರಿಗೆ ತಂತಿ ಸುತ್ತುವ ಅಂಗಡಿ ಇತ್ತು, ವಯಸ್ಸಾದ ಮೇಲೆ ಮುಚ್ಚಿದ್ದರು. ಎಂಬತ್ತು ದಾಟಿದ್ದರೂ ಬೆನ್ನು ನೆಟ್ಟಗೆ. ಹೆಂಡತಿ ತೀರಿಹೋಗಿದ್ದರು, ಮಗಳು ಮಣಿಪಾಲದಲ್ಲಿ. ಪ್ರತಿ ಭಾನುವಾರ ಆ ಕಪ್ಪು ಕಾರಿನಲ್ಲಿ ಇಗರ್ಜಿಗೆ ಹೋಗಿ, ಪೂಜೆಯಲ್ಲಿ ಬೈಬಲ್ ವಾಚನ ಮಾಡಿ ಬರುತ್ತಿದ್ದರಂತೆ. ಕಣ್ಣು ಸ್ವಲ್ಪ ಮಂಜಾದದ್ದರಿಂದ ಕಾರು ಕೊಡುವ ಯೋಚನೆ ಮಾಡಿದ್ದರು. ಕಾರೋ, ಕೀಲಿಯ ಮೊದಲ ತಿರುವಿಗೇ ಸ್ಟಾರ್ಟ್ ಆಯಿತು. ಇಂಜಿನಿನ ಮೇಲೆ ಒಂದು ಲೋಟ ನೀರು ಇಟ್ಟರೆ ಚೆಲ್ಲದಷ್ಟು ಸಮ. ನನ್ನ ಉಸಿರು ಅಲ್ಲಿ ನಡೆಯಲಿಲ್ಲ. ಬೆಲೆ ಕೂಡ ಅವರು ಒಂದೇ ಮಾತು ಹೇಳಿದರು.

ಬಿಸಿಲಿಗೆ ಬಾಯಾರಿಕೆ ಆಗುತ್ತದೆ ಎಂದೆ. ಅವರು ನೀರು ತರಲು ಒಳಗೆ ಹೋದರು.

ಸಾಧಾರಣವಾಗಿ ಇದರ ನಂತರ ನಡೆಯುವುದು ಹೀಗೆ: ಇನ್ನೊಮ್ಮೆ ನೋಡುವ ಎಂದು ನಾನು ಕೀಲಿ ತಿರುಗಿಸುತ್ತೇನೆ, ಅದು ಬರೀ ಕೆಮ್ಮುತ್ತದೆ, ಯಜಮಾನ ಕಂಗಾಲಾಗುತ್ತಾನೆ, ನಾನು ದೊಡ್ಡ ಮನಸ್ಸು ಮಾಡುತ್ತೇನೆ. ಪೊರ್ಬುಗಳು ಕಂಗಾಲಾಗಲಿಲ್ಲ. ಪೆಟ್ರೋಲ್ ನೋಡಿದರು, ಕಿಡಿ ಹುಟ್ಟಿಸುವ ಕಾಯಿಲಿನ ವಯರು ನೋಡಿದರು, ಎರಡೇ ನಿಮಿಷದಲ್ಲಿ ಟೊಪ್ಪಿಯ ಕ್ಲಿಪ್ಪಿಗೆ ಕೈ ಹಾಕಿದರು. ಸಿಕ್ಕಿಬಿದ್ದೆ ಎಂದುಕೊಂಡೆ. ಟೊಪ್ಪಿ ತೆಗೆದರು. ಒಳಗೆ ಖಾಲಿ. ಖಾಲಿ ಜಾಗಕ್ಕೆ ಬೆರಳು ಹಾಕಿ ನೋಡಿದರು. ಈಗ ಮುಖ ಎತ್ತಿ ನನ್ನ ಕಿಸೆ ನೋಡುತ್ತಾರೆ ಎಂದು ನಾನು ಕಾಯುತ್ತಿದ್ದೆ.

"ನಾನೇ ತೆಗೆದಿಟ್ಟಿರಬೇಕು," ಎಂದರು.

ಅವರಿಗೊಂದು ಪದ್ಧತಿ ಇತ್ತಂತೆ. ಯಾವಾಗಲೋ ತಂಗಿಯ ಮಗ ಕೇಳದೆ ಕಾರು ಒಯ್ದು ಗುದ್ದಿಕೊಂಡು ಬಂದಿದ್ದ. ಅಂದಿನಿಂದ ಊರು ಬಿಟ್ಟು ಹೋಗುವಾಗಲೆಲ್ಲ ರೋಟರ್ ತೆಗೆದು ಕಪಾಟಿನಲ್ಲಿ ಇಟ್ಟುಹೋಗುವುದು. ಹಳೆಯ ಕಾರಿನವರು ಹಲವರು ಹೀಗೆ ಮಾಡುತ್ತಾರೆ, ಅದಕ್ಕಿಂತ ಒಳ್ಳೆಯ ಬೀಗ ಇಲ್ಲ. ಆದರೆ ಕಾಲು ಗಂಟೆಯ ಹಿಂದೆ ಇದೇ ಕಾರು ಸ್ಟಾರ್ಟ್ ಆಗಿತ್ತಲ್ಲ? ಅದನ್ನು ಅವರು ಯೋಚಿಸಿದ್ದರು ಎಂದು ಈಗ ನನಗೆ ಅನಿಸುತ್ತದೆ. ಯೋಚಿಸಿದವರು ಮನೆಗೆ ಬಂದ ಅತಿಥಿಯನ್ನು ಸಂಶಯಿಸಲಿಲ್ಲ, ತಮ್ಮ ತಲೆಯನ್ನು ಸಂಶಯಿಸಿದರು. ಒಳಗೆ ಹೋಗಿ ಅರ್ಧ ಗಂಟೆ ಹುಡುಕಿದರು. ಕಪಾಟು, ಮೇಜು ಎಳೆಯುವ ಸದ್ದು ಹೊರಗೆ ಕೇಳುತ್ತಿತ್ತು. ನಾನು ಅವರು ಕೊಟ್ಟ ನೀರು ಕುಡಿಯುತ್ತಾ ಕೂತಿದ್ದೆ. ಹೊರಗೆ ಬಂದಾಗ ಅವರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಈ ಕಾಲದಲ್ಲಿ ಇದರ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಅವರು ಎದುರು ಹೇಳಲಿಲ್ಲ, ನಾನು ಹೇಳಿದ ಬೆಲೆಗೆ ಒಪ್ಪಿದರು.

ಪಿಕಪ್ಪಿಗೆ ಹಗ್ಗ ಕಟ್ಟಿ ಕಾರು ಎಳೆಸಿಕೊಂಡು ಬೆಳ್ಮಣ್ಣಿನವರೆಗೆ ಬಂದೆ. ಅಲ್ಲಿ ರೋಟರ್ ಹಾಕಿ, ಹಗ್ಗ ಬಿಚ್ಚಿ, ಕಾಪುವಿಗೆ ನಾನೇ ಓಡಿಸಿಕೊಂಡು ಹೋದೆ. ಈ ಕತೆಯನ್ನು ಎಷ್ಟು ಮಂದಿಗೆ ಹೇಳಿದ್ದೇನೋ ಲೆಕ್ಕ ಇಲ್ಲ. ಎಲ್ಲರೂ ನಗುತ್ತಿದ್ದರು. ನಾನು ಚೆನ್ನಾಗಿಯೇ ಹೇಳುತ್ತಿದ್ದೆ.

ಕಾರು ಮಾತ್ರ ಮಾರಿ ಹೋಗಲಿಲ್ಲ. ಒಂದು ಮಳೆಗಾಲ ಶೆಡ್ಡಿನಲ್ಲಿ ಟರ್ಪಾಲಿನ ಅಡಿ ಕೂತಿತು. ಹೊರಗೆ ತೆಗೆದಾಗ ಅದರ ಡೈನಮೋ ಬ್ಯಾಟರಿಗೆ ಚಾರ್ಜ್ ಕೊಡುವುದನ್ನು ನಿಲ್ಲಿಸಿತ್ತು. ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರುವುದೇ ಇಲ್ಲ. ಬ್ರಷ್ ಬದಲಿಸಿದೆ, ರೆಗ್ಯುಲೇಟರ್ ಬದಲಿಸಿದೆ, ಅರ್ತ್ ಉಜ್ಜಿದೆ. ಉಡುಪಿಯ ಇಬ್ಬರು ಎಲೆಕ್ಟ್ರಿಷಿಯನ್ನರು ಡೈನಮೋ ಇಳಿಸಿ ಏರಿಸಿ, ಇದನ್ನು ಗುಜರಿಗೆ ಹಾಕಿ ಎಂದರು. ಊರಿಗೆಲ್ಲ ಸಲಹೆ ಕೊಡುವ ನನಗೆ ಸಲಹೆ ಬೇಕಾಯಿತು. ನಾಚಿಕೆ ಬಿಟ್ಟು ಪೊರ್ಬುಗಳ ನಂಬರಿಗೆ ಫೋನ್ ಮಾಡಿದೆ.

ಎತ್ತಿದ್ದು ಮಗಳು ಫ್ಲಾವಿಯಾ. ತಂದೆಯನ್ನು ಮಣಿಪಾಲಕ್ಕೆ ಕರೆದುಕೊಂಡು ಬಂದು ವರ್ಷದ ಮೇಲಾಯಿತು ಎಂದರು. "ಪಪ್ಪನಿಗೆ ಈಗ ಮರೆವು ಉಂಟು. ಕಾರಿನ ವಿಷಯ ಕೇಳಬೇಡಿ, ಅದರಿಂದಲೇ ಶುರುವಾದದ್ದು." ನಾನು ಕೇಳದೆಯೇ ಉಳಿದದ್ದನ್ನೂ ಹೇಳಿದರು. ಕಾರು ಕೊಟ್ಟ ಮೇಲೂ ಅವರು ಒಂದು ತುಂಡಿಗಾಗಿ ತಿಂಗಳುಗಟ್ಟಲೆ ಮನೆ ಹುಡುಕಿದರಂತೆ. ಅಕ್ಕಿ ಡಬ್ಬದಲ್ಲಿ, ಹೆಂಡತಿಯ ಸೀರೆಗಳ ಮಡಿಕೆಯಲ್ಲಿ, ಹೆಂಚು ಸರಿಸಿ ಮಾಡಿನಲ್ಲಿ. ಏಣಿಯಿಂದ ಒಮ್ಮೆ ಬಿದ್ದರಂತೆ. ಇಟ್ಟದ್ದನ್ನು ಮರೆಯುವವನು ಓದುವ ಸಾಲನ್ನೂ ಮರೆತಾನು ಎಂದು ಇಗರ್ಜಿಯ ವಾಚನವನ್ನು ತಾವಾಗಿಯೇ ಬಿಟ್ಟರು. ಮಗಳು ಡಾಕ್ಟರಿಗೆ ತೋರಿಸಿದರು. ಗ್ಯಾಸಿನ ಸ್ಟವ್ ಬೇಡ, ಮನೆಯ ಕೀಲಿ ಬೇಡ ಎಂದರು. ಪೊರ್ಬುಗಳು ಎಲ್ಲವನ್ನೂ ಬಿಟ್ಟುಕೊಟ್ಟರು.

ಅಷ್ಟರಲ್ಲಿ ಹಿಂದಿನಿಂದ ಯಾರದು ಎಂಬ ಸ್ವರ ಕೇಳಿತು. ಕಾಪುವಿನ ಸುವರ್ಣರು ಎಂದು ಮಗಳು ನನ್ನ ಹೆಸರು ಹೇಳಿದರು, ಫೋನ್ ಪೊರ್ಬುಗಳ ಕೈಗೆ ಹೋಯಿತು.

"ಎಂತ ಸುವರ್ಣರೇ, ಅಷ್ಟು ಚೌಕಾಸಿ ಮಾಡಿದವರು ನೀವು, ನನ್ನ ಕಾರಿಗೆ ಇನ್ನೂ ಗಿರಾಕಿ ಸಿಗಲಿಲ್ವಾ?"

ಡೈನಮೋದ ಕತೆ ಹೇಳಿದೆ. ಅವರು ನಕ್ಕರು. ಡೈನಮೋದ ಒಳಗಿನ ಕಬ್ಬಿಣದಲ್ಲಿ ಒಂದಿಷ್ಟು ಅಯಸ್ಕಾಂತದ ಗುಣ ಉಳಿದಿರುತ್ತದೆ, ಅದರ ಮೇಲೆಯೇ ಅದು ಕರೆಂಟು ಹುಟ್ಟಿಸುವುದು. ಬಹಳ ದಿನ ಸುಮ್ಮನೆ ಕೂತರೆ, ಬೇಕಾಬಿಟ್ಟಿ ಬಿಚ್ಚಿದರೆ, ಅದು ಹೋಗಿಬಿಡುತ್ತದೆ. ಹಾಳಾದದ್ದಲ್ಲ, ಮರೆತದ್ದು ಅಷ್ಟೇ ಎಂದು ವಿವರಿಸಿದರು. ಡೈನಮೋದಲ್ಲಿ ವಯರು ಸಿಕ್ಕಿಸುವ ಎರಡು ಕಾಲು ಉಂಟು, ಸಣ್ಣ ಕಾಲಿನ ವಯರು ಬಿಚ್ಚಿ. ಆ ಕಾಲಿಗೆ ಬ್ಯಾಟರಿಯಿಂದ ಒಂದು ವಯರು ತಂದು ಎರಡು ಸಲ ಮುಟ್ಟಿಸಿ ತೆಗೆಯಿರಿ. ಈ ಕಾರಿನಲ್ಲಿ ಮೈಯ ತಗಡಿಗೆ ಕೊಟ್ಟಿರುವುದು ಪ್ಲಸ್, ಆದ್ದರಿಂದ ವಯರು ಮೈನಸ್ಸಿನಿಂದ ತರಬೇಕು, ತಪ್ಪಬೇಡಿ. ಆ ಸಣ್ಣ ಕಾಲಿನ ನಟ್ಟು ಮೂಲದ್ದಲ್ಲ, ತಾನು ಹಾಕಿದ್ದು, ಅದಕ್ಕೆ ಬೇರೆ ಅಳತೆಯ ಪಾನ, ಅಂದರೆ ಸ್ಪ್ಯಾನರ್, ಬೇಕು. ಯಾವ ಪಾನ ಎಂಬುದನ್ನೂ ಹೇಳಿದರು.

ಪಾನ ಸರಿಯಾಗಿ ಕೂತಿತು. ವಯರು ಮುಟ್ಟಿಸಿದೆ, ಸಣ್ಣ ಕಿಡಿ ಹಾರಿತು. ಇಂಜಿನ್ ಸ್ಟಾರ್ಟ್ ಮಾಡಿದರೆ ಕೆಂಪು ದೀಪ ಆರಿತ್ತು. ಕೆಲಸ ಆದ ಖುಷಿಗೆ ನಾನು ಯಾವಾಗಲೂ ಹೋಟೆಲಿಗೆ ಹೋಗಿ ಒಂದು ಚಹಾ ಕುಡಿಯುವುದು. ಅಂದು ಹೋಗಲಿಲ್ಲ. ಒಂದು ನಟ್ಟಿನ ಅಳತೆ ಸಮೇತ ನೆನಪಿಟ್ಟ ತಲೆಯನ್ನು ಕೆಟ್ಟುಹೋಗಿದೆ ಎಂದು ಮೂಲೆಗೆ ಇಟ್ಟಿದ್ದಾರೆ. ಯಾಕೆ ಇಟ್ಟಿದ್ದಾರೆ ಎಂದು ಲೋಕದಲ್ಲಿ ಗೊತ್ತಿರುವುದು ನನಗೆ ಒಬ್ಬನಿಗೆ.

ಮುಂದಿನ ಭಾನುವಾರ ಅದೇ ಕಾರಿನಲ್ಲಿ ಮಣಿಪಾಲಕ್ಕೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ, ವ್ಯಾಪಾರಕ್ಕೆ ಹೋಗುವಾಗ ಮಾಡುವ ಹಾಗೆಯೇ. ಮಗಳ ಎದುರಿಗೇ ಹೇಳಬೇಕು ಎಂದೂ ತೀರ್ಮಾನಿಸಿದ್ದೆ. ಹೇಳಿದೆ. "ಪೊರ್ಬುಲೇ, ಆ ರೋಟರ್ ನೀವು ತೆಗೆದದ್ದಲ್ಲ. ನೀವು ಒಳಗೆ ಹೋದಾಗ ನಾನು ತೆಗೆದು ಕಿಸೆಗೆ ಹಾಕಿಕೊಂಡೆ. ಬೆಲೆ ಇಳಿಸಲಿಕ್ಕೆ."

ಚಹಾ ಹಿಡಿದು ಬರುತ್ತಿದ್ದ ಫ್ಲಾವಿಯಾ ಅಲ್ಲೇ ನಿಂತರು. ಆಕೆ ಕೂಡಲೇ ನಂಬಿದರು ಎಂದು ಮುಖದಲ್ಲೇ ಗೊತ್ತಾಯಿತು. ನನ್ನ ಚಹಾ ಆಕೆಯ ಕೈಯಲ್ಲೇ ಉಳಿಯಿತು. ಆದರೆ ಪೊರ್ಬುಗಳು ನನ್ನನ್ನು ಬಹಳ ಪ್ರೀತಿಯಿಂದ ನೋಡಿದರು.

"ನೀವು ಒಳ್ಳೆಯ ಜನ ಮಾರಾಯ್ರೇ. ನನಗೆ ಸಮಾಧಾನ ಆಗಲಿ ಅಂತ ಕಾಪುವಿನಿಂದ ಇಲ್ಲಿಯವರೆಗೆ ಬಂದಿರಿ ಅಲ್ವಾ. ಇವಳು ಹೇಳಿ ಕಳಿಸಿದಳಾ?"

ನಾನು ಜೀವಮಾನದಲ್ಲಿ ಎಷ್ಟೋ ಸುಳ್ಳುಗಳನ್ನು ಸುಲಭವಾಗಿ ಮಾರಿದವನು. ಈ ಒಂದು ನಿಜವನ್ನು ಅವರು ಕೊಳ್ಳಲೊಲ್ಲರು. ಬಿಡಲಿಲ್ಲ, ಸಾಕ್ಷಿಗಿಳಿದೆ. ಅಂದು ಬಿಸಿಲಿತ್ತು, ನಾನು ಬಾಯಾರಿಕೆ ಎಂದೆ, ನೀವು ಸ್ಟೀಲಿನ ಚೊಂಬಿನಲ್ಲಿ ನೀರು ತಂದಿರಿ, ಜೊತೆಗೆ ಒಂದು ತುಂಡು ಬೆಲ್ಲ ಇತ್ತು, ಆ ಹೊತ್ತಿನಲ್ಲಿಯೇ ನಾನು ತೆಗೆದದ್ದು ಎಂದೆ. ಅವರ ನಗು ಮೆಲ್ಲನೆ ಹೋಯಿತು. ಹುಬ್ಬು ಗಂಟಿಕ್ಕಿ ನೆಲ ನೋಡಿದರು.

"ನೀರು ನಾನು ತಂದು ಕೊಟ್ಟದ್ದಾ?"

ಎರಡು ವರ್ಷದ ಹಿಂದೆ ಯಾರಿಗೋ ಕೊಟ್ಟ ಒಂದು ಚೊಂಬು ನೀರು ಯಾರಿಗೆ ನೆನಪಿರುತ್ತದೆ? ನನಗಾದರೂ ನೆನಪಿರುತ್ತಿರಲಿಲ್ಲ, ಕಳ್ಳನಾದ್ದರಿಂದ ನೆನಪಿದೆ. ಅದನ್ನು ಹೇಳಬಹುದಿತ್ತು. ಆದರೆ ನಾನು ಒಂದೊಂದು ಸಾಕ್ಷಿ ಎದುರಿಗಿಟ್ಟಾಗಲೂ ಅವರು ಅದನ್ನು ತಾವು ಮರೆತವುಗಳ ಪಟ್ಟಿಗೆ ಸೇರಿಸಿಕೊಳ್ಳುತ್ತಿದ್ದರು. ನಡುವೆ ಬಾಯಿ ಮುಚ್ಚಿದ ಮೊದಲ ವ್ಯಾಪಾರ ನನ್ನದು ಅದೇ ಇರಬೇಕು.

ಅವರೇ ಎದ್ದರು. ಬಂದದ್ದು ಬಂದಿರಿ, ಬಾನೆಟ್ ಎತ್ತಿ, ಡೈನಮೋ ನೋಡುವ ಎಂದರು. ಅಂಗಳಕ್ಕೆ ಬಂದು ಬಗ್ಗಿದವರು ಡೈನಮೋ ನೋಡಲಿಲ್ಲ. ಡಿಸ್ಟ್ರಿಬ್ಯೂಟರಿನ ಎರಡು ಕ್ಲಿಪ್ಪು ಬಿಚ್ಚಿ, ರೋಟರ್ ಹೊರಗೆ ತೆಗೆದು, ಕರವಸ್ತ್ರದಿಂದ ಒರೆಸಿ, ಮತ್ತೆ ಕೂರಿಸಿ, ಟೊಪ್ಪಿ ಮುಚ್ಚಿದರು. ಬೆರಳುಗಳಿಗೆ ಒಂದಿಷ್ಟೂ ನಡುಕ ಇರಲಿಲ್ಲ. ಮಳೆಗಾಲದಲ್ಲಿ ಕಾರು ಹೊರಗೆ ನಿಲ್ಲಿಸಬೇಡಿ ಎಂದು ಏನೋ ಹೇಳುತ್ತಾ ಹೇಳುತ್ತಾ ನಿಲ್ಲಿಸಿ, ಮತ್ತೆ ಕ್ಲಿಪ್ಪು ಬಿಚ್ಚಿ ಒಳಗೆ ನೋಡಿದರು. ಇತ್ತು. ಮುಚ್ಚಿದರು. ಬಾಗಿಲಲ್ಲಿ ನಿಂತ ಮಗಳು ಬೇರೆ ಕಡೆ ತಿರುಗಿಕೊಂಡರು. ಅವರು ಮೂರನೇ ಸಲ ಕ್ಲಿಪ್ಪಿಗೆ ಕೈ ಹಾಕಿದಾಗ ನಾನು ನನ್ನ ಎರಡೂ ಕೈಗಳನ್ನು, ಅವರಿಗೆ ಚೆನ್ನಾಗಿ ಕಾಣುವ ಹಾಗೆ, ಬಿಸಿಯಾಗಿದ್ದ ಮಡ್‌ಗಾರ್ಡಿನ ಮೇಲೆ ಇಟ್ಟುಕೊಂಡು ನಿಂತೆ.